ಹೊಸ ಸ್ಟೀರಿಯೊ ಹಾಕಿದ ಮೇಲೆ ಕಾರಿನ ಕರೆಂಟ್ ಕೈಕೊಟ್ಟರೆ: ಮೀಟರ್ ಹಿಡಿದು ದೋಷ ಹುಡುಕುವ ಮಾರ್ಗದರ್ಶಿ

ಭಾನುವಾರ ಸಂಜೆ ಹೊಸ ಸೆಟ್ ಹಾಕಿಸಿಕೊಂಡು ಬಂದೆ. ಒಂಬತ್ತು ಇಂಚಿನ ಪರದೆ, ರಿವರ್ಸ್ ಕ್ಯಾಮೆರಾ, ಬ್ಲೂಟೂತ್ ಎಲ್ಲ ಇತ್ತು. ಆಮೇಲೆ ಕಾರು ಮೂರು ದಿನ ಮನೆ ಮುಂದೆಯೇ ನಿಂತಿತ್ತು. ಬುಧವಾರ ರಾತ್ರಿ ಕೀ ತಿರುಗಿಸಿದರೆ ಟಕ್ ಟಕ್ ಅನ್ನೋ ಸದ್ದು ಬಿಟ್ಟು ಬೇರೇನೂ ಇಲ್ಲ. ಪಕ್ಕದ ಮನೆಯವರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡಿದೆ. ಸೆಟ್ ಹಾಕಿದ ಅಂಗಡಿಗೆ ಫೋನ್ ಮಾಡಿದರೆ ಒಂದೇ ಮಾತು: "ಬ್ಯಾಟರಿ ವೀಕ್ ಸಾರ್, ಚೇಂಜ್ ಮಾಡಿಸಿ." ಬ್ಯಾಟರಿ ಹಾಕಿಸಿ ಎಂಟು ತಿಂಗಳೂ ಆಗಿರಲಿಲ್ಲ.

ಕೊನೆಗೆ ಡ್ಯಾಶ್ ಬಿಚ್ಚಿ ನೋಡಿದಾಗ ಗೊತ್ತಾಯಿತು. ಹಳದಿ ವೈರು, ಕೆಂಪು ವೈರು ಎರಡನ್ನೂ ಒಟ್ಟಿಗೆ ತಿರುಚಿ, ಮೇಲೆ ಟೇಪ್ ಸುತ್ತಿದ್ದರು. ಕೀ ತೆಗೆದರೂ ಸೆಟ್ ಒಳಗೊಳಗೇ ಎಚ್ಚರವಾಗಿರುತ್ತಿತ್ತು. ಪರದೆ ಮಾತ್ರ ಆಫ್.

ಆಮೇಲೆ ಗೆಳೆಯರ ಕಾರುಗಳಲ್ಲೂ ಇಂಥದ್ದನ್ನೇ ಹುಡುಕುತ್ತಾ ಬಂದಿದ್ದೇನೆ. ಸೆಟ್ಟೇ ಕೆಟ್ಟಿದ್ದು ತೀರಾ ಅಪರೂಪ. ಹೆಚ್ಚಿನ ಸಲ ತಪ್ಪು ಇರುವುದು ಸೆಟ್ಟಿನ ಹಿಂದಿನ ಒಂದು ಗೇಣು ಜಾಗದಲ್ಲಿ, ಅದೂ ಹಳದಿ, ಕೆಂಪು, ಕಪ್ಪು ಅನ್ನೋ ಮೂರು ವೈರುಗಳಲ್ಲಿ. ಹಾಗಾಗಿ ಬ್ಯಾಟರಿ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಸೆಟ್ ಅಂತ ಒಂದೊಂದಾಗಿ ಬದಲಾಯಿಸುವ ಮೊದಲು ಅಳೆದು ನೋಡಿ.

ಕೈಗೆ ಬೇಕಾದ್ದು, ಕೈ ಹಾಕಬಾರದ್ದು

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಕೆಲವು ನೂರು ರೂಪಾಯಿಯದ್ದು ಸಾಕು, ಆದರೆ 10 ಆಂಪಿಯರ್ ಅಳೆಯುವ ತೂತು ಇರಲಿ. 10 ನಂಬರ್ ಸ್ಪ್ಯಾನರ್, ಡ್ಯಾಶ್ ಬಿಚ್ಚಲು ಪ್ಲಾಸ್ಟಿಕ್ ಪಟ್ಟಿ, ಒಂದೆರಡು ಮೀಟರ್ ಉದ್ದದ ವೈರು, ಕೆಲವು ಫ್ಯೂಸ್, ಇಂಡಿಕೇಟರಿಗೆ ಹಾಕುವ 21 ವ್ಯಾಟ್ ಬಲ್ಬ್ ಒಂದು. ಬಲ್ಬ್ ಯಾಕೆ ಅಂತ ಮುಂದೆ ಹೇಳ್ತೀನಿ.

ವೈರ್ ಕತ್ತರಿಸುವುದು, ಸೇರಿಸುವುದು ಇದ್ದರೆ ಮೊದಲು ಬ್ಯಾಟರಿಯ ಮೈನಸ್ ಕ್ಲಾಂಪ್ ತೆಗೆಯಿರಿ. ಪ್ಲಸ್ ಮೊದಲು ತೆಗೆಯಲು ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ತಾಗಿದರೆ ಕಿಡಿ ಹಾರುತ್ತದೆ. ಹಾಕುವಾಗ ಮೈನಸ್ ಕೊನೆಗೆ. ಕಂಪನಿ ಸೆಟ್ಟೇ ಇರುವ ಕೆಲವು ಕಾರುಗಳಲ್ಲಿ ಬ್ಯಾಟರಿ ತೆಗೆದರೆ ರೇಡಿಯೊ ಕೋಡ್ ಕೇಳುತ್ತದೆ. ಆ ಚೀಟಿ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಸ್ಟೀರಿಂಗ್ ಕೆಳಗೆ, ಡ್ಯಾಶ್ ಒಳಗೆ ಹಳದಿ ಕವಚದ ಕಪ್ಲರ್ (ವೈರುಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಗ್) ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದ್ದು. ಅದಕ್ಕೆ ಮೀಟರ್ ಪಿನ್ ಚುಚ್ಚಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ದಪ್ಪ ಕಿತ್ತಳೆ ಬಣ್ಣದ ಕೇಬಲ್ ಇದ್ದ ಕಡೆ ಹೋಗಲೇಬೇಡಿ.

ಮೊದಲ ಅಳತೆ ಬ್ಯಾಟರಿಯದ್ದೇ

ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡು ಕಂಬಕ್ಕೆ ಹಿಡಿಯಿರಿ. 12.6 ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬರಿದಾಗುತ್ತಿದೆ. ಸ್ಟಾರ್ಟ್ ಮಾಡಿ ಮತ್ತೆ ನೋಡಿ. 13.8ರಿಂದ 14.4 ಬಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡ್ತಿದೆ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಸ್ವಲ್ಪ ಮೇಲೆ ಕೆಳಗೆ ಮಾಡುತ್ತಿರುತ್ತದೆ, ಗಾಬರಿ ಬೇಡ. ಎಂಜಿನ್ ಓಡುತ್ತಿದ್ದರೂ 12.5ರಲ್ಲೇ ನಿಂತು ಕ್ರಮೇಣ ಇಳಿಯುತ್ತಿದ್ದರೆ ಮಾತ್ರ ಚಾರ್ಜಿಂಗ್ ಕಡೆ ಅನುಮಾನ ಪಡಿ.

ಸೆಲ್ಫ್ ಹೊಡೆಯುವ ಕ್ಷಣದಲ್ಲೂ ಯಾರಾದರೂ ಮೀಟರ್ ನೋಡಲಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ನಿಜಕ್ಕೂ ಸುಸ್ತಾಗಿದೆ. ಆಗ ಅಂಗಡಿಯವರ ಮಾತು ಸರಿ ಅಂತಲೇ ಒಪ್ಪಿಕೊಳ್ಳೋಣ.

ವೈರುಗಳ ಬಣ್ಣದ ಲೆಕ್ಕ

ಹೊರಗೆ ಸಿಗುವ ಸೆಟ್ಟುಗಳಲ್ಲಿ ಬಣ್ಣಗಳು ಹೆಚ್ಚುಕಮ್ಮಿ ಒಂದೇ. ಹಳದಿಗೆ ಯಾವಾಗಲೂ 12 ವೋಲ್ಟ್ ಬೇಕು. ಗಡಿಯಾರ, ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದಲೇ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು, ಅದು ಎದ್ದೇಳು ಅಂತ ಹೇಳುವ ವೈರು. ಕಪ್ಪು ಅರ್ಥ್, ಅಂದರೆ ಕರೆಂಟ್ ಬಾಡಿ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ನೀಲಿ ಆಂಟೆನಾಗೆ, ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ (ಆಂಪ್) ಆನ್ ಮಾಡಲು, ಇದನ್ನೇ ರಿಮೋಟ್ ವೈರ್ ಅನ್ನೋದು. ಕಿತ್ತಳೆ ಹೆಡ್‌ಲೈಟ್ ಹಾಕಿದಾಗ ಪರದೆ ಮಂಕು ಮಾಡಲು. ಸ್ಪೀಕರುಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಮೈನಸ್.

ಇದು ಸೆಟ್ಟಿನ ಕಡೆಯ ಲೆಕ್ಕ. ಕಾರಿನ ಕಡೆಯ ಬಣ್ಣಗಳು ಕಂಪನಿಗೊಂದು ಥರ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಆಯ್ತು ಅಂದುಕೊಂಡವರೇ ಹೆಚ್ಚಾಗಿ ಫ್ಯೂಸ್ ಸುಡುತ್ತಾರೆ. ಫೋಕ್ಸ್‌ವ್ಯಾಗನ್ ಗುಂಪಿನ ಹಳೇ ಕಾರುಗಳಲ್ಲಂತೂ ಕಪ್ಲರ್ ಸರಿಯಾಗಿ ಕೂತರೂ ಹಳದಿ ಮತ್ತು ಕೆಂಪಿನ ಜಾಗ ಅದಲು ಬದಲಾಗಿರುವುದುಂಟು. ಪ್ರತಿ ಸಲ ಕೀ ತೆಗೆದಾಗ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತಿದ್ದರೆ ಇದೇ ಕಾರಣ ಇರಬಹುದು.

ನಿಮ್ಮ ಕಾರಿನ ಕಪ್ಲರಿಗೆ ಹೊಂದುವ ಅಡಾಪ್ಟರ್ ಹಾರ್ನೆಸ್ (ಕಾರಿಗೂ ಸೆಟ್ಟಿಗೂ ನಡುವೆ ಸಿಕ್ಕಿಸುವ ವೈರುಗಳ ಕಟ್ಟು) ಸಿಗುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಸೆಟ್ಟಿಗೆ ಸಾವಿರಾರು ರೂಪಾಯಿ ಕೊಟ್ಟು ಹಾರ್ನೆಸ್ ದುಡ್ಡು ಉಳಿಸಲು ಕಂಪನಿ ವೈರ್ ಕತ್ತರಿಸುವುದು ನನಗಂತೂ ಅರ್ಥವಾಗದ ಲೆಕ್ಕ.

ಈಗ ಸೆಟ್ಟಿನಿಂದ ಕಪ್ಲರ್ ತೆಗೆಯಿರಿ. ಮೀಟರಿನ ಕಪ್ಪು ಕಡ್ಡಿಯನ್ನು ಪೇಂಟ್ ಇಲ್ಲದ ಬಾಡಿ ಬೋಲ್ಟಿಗೆ ಹಿಡಿಯಿರಿ. ಕೆಂಪು ಕಡ್ಡಿಯನ್ನು ಹಳದಿಯ ಪಿನ್ನಿಗೆ ಹಿಡಿದರೆ ಕೀ ಇರಲಿ ಇಲ್ಲದಿರಲಿ, ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಕೆಂಪಿನ ಪಿನ್ನಿನಲ್ಲಿ ಕೀ ತೆಗೆದಾಗ ಸೊನ್ನೆ, ಎಸಿಸಿಗೆ (ಎಂಜಿನ್ ಓಡದೆ ರೇಡಿಯೊದಂಥವಕ್ಕೆ ಕರೆಂಟ್ ಬರುವ ಕೀ ಹಂತ) ತಿರುಗಿಸಿದಾಗ 12. ಕೀ ತೆಗೆದರೂ ಎರಡರಲ್ಲೂ 12 ಬಂದರೆ ನನ್ನ ಕಾರಿನ ಕಥೆಯೇ ನಿಮ್ಮದೂ.

ಬ್ಯಾಟರಿ ಇಳಿಯುತ್ತಿದ್ದರೆ

ನಿಂತ ಕಾರು ಕೂಡ ಸ್ವಲ್ಪ ಕರೆಂಟ್ ತಿನ್ನುತ್ತದೆ. ಅಲಾರಂ, ಗಡಿಯಾರ, ಕಂಪ್ಯೂಟರ್ ಎಲ್ಲ ಸೇರಿ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ನನ್ನ ಕಾರಿನಲ್ಲಿ ಅದು 350 ತೋರಿಸಿತ್ತು. ಲೆಕ್ಕ ಹಾಕಿ: 0.35 ಆಂಪಿಯರ್ ದಿನದ 24 ಗಂಟೆಗೆ 8.4 ಆಂಪಿಯರ್ ಅವರ್. ಸಣ್ಣ ಕಾರಿನ ಬ್ಯಾಟರಿ ಇರುವುದೇ 35. ಮೂರು ದಿನಕ್ಕೆ 25 ಖಾಲಿ. ಸೆಲ್ಫ್ ಎಲ್ಲಿಂದ ಹೊಡೆಯಬೇಕು?

ಅಳೆಯುವುದು ಹೀಗೆ. ಬ್ಯಾಟರಿ ಚಾರ್ಜ್ ಇರಲಿ. ಕೀ ತೆಗೆದು ದೂರ ಇಡಿ. ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನು ಮನೆಯೊಳಗೇ ಬಿಟ್ಟು ಬನ್ನಿ. ಫ್ಯೂಸ್ ಡಬ್ಬಿ ಸ್ಟೀರಿಂಗ್ ಕೆಳಗಿದ್ದರೆ ಚಾಲಕನ ಬಾಗಿಲು ತೆರೆದೇ ಇರಬೇಕಾಗುತ್ತದೆ. ಹಾಗಾಗಿ ಬಾಗಿಲಿನ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿ. ಬಾಗಿಲು ಮುಚ್ಚಿದೆ ಅಂತ ಕಾರು ನಂಬುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಂಡಿ ಬಿಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬಾಗಿಲು ಹಾಕುವಾಗ ಢಮ್ ಅನ್ನುತ್ತದೆ.

ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ ಆಂಪಿಯರಿಗೆ ತಿರುಗಿಸಿ. ಬ್ಯಾಟರಿಯ ಮೈನಸ್ ಕ್ಲಾಂಪ್ ತೆಗೆದು, ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಆ ಕ್ಲಾಂಪಿಗೆ. ಈಗ ಇಡೀ ಕಾರಿನ ಕರೆಂಟ್ ಮೀಟರ್ ಮೂಲಕವೇ ಹರಿಯುತ್ತದೆ. ಈ ಸ್ಥಿತಿಯಲ್ಲಿ ಕೀ ತಿರುಗಿಸಬೇಡಿ, ಹೆಡ್‌ಲೈಟ್ ಹಾಕಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ. ಮೀಟರಿನೊಳಗಿನ ಫ್ಯೂಸ್ ಹೋಗುತ್ತದೆ, ಅಗ್ಗದ್ದಾದರೆ ಮೀಟರೇ ಹೋಗುತ್ತದೆ.

ಮೊದಲಿಗೆ ಒಂದೆರಡು ಆಂಪಿಯರ್ ತೋರಿಸಬಹುದು. ಕಾರಿನ ಕಂಪ್ಯೂಟರುಗಳು ಮಲಗಲು ಸಮಯ ಬೇಕು. ಅರ್ಧ ಗಂಟೆ ಬಿಟ್ಟು, ಒಂದು ಕಾಫಿ ಕುಡಿದು ಬನ್ನಿ. ಆಮೇಲೂ 0.05ಕ್ಕಿಂತ ಜಾಸ್ತಿ ಇದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಎಳೆದು ನೋಡಿ. ಯಾವ ಫ್ಯೂಸ್ ತೆಗೆದಾಗ ಅಂಕಿ ದಡಕ್ಕನೆ ಇಳಿಯುತ್ತದೋ ಅದೇ ಲೈನು.

ಇಲ್ಲೊಂದು ಮೋಸ ಇದೆ. ಎಷ್ಟೋ ಕಾರುಗಳಲ್ಲಿ ರೇಡಿಯೊ ಮತ್ತು ಒಳಗಿನ ರೂಮ್ ಲೈಟಿಗೆ ಒಂದೇ ಫ್ಯೂಸ್. ಅದನ್ನು ಎಳೆದಾಗ ಅಂಕಿ ಇಳಿದರೆ ಸೆಟ್ಟಿನದ್ದೇ ತಪ್ಪು ಅಂತ ಹೇಳಲಾಗದು. ಡಿಕ್ಕಿಯ ಲೈಟ್ ಆರದೆ ಉರಿಯುತ್ತಿರಬಹುದು. ಆದ್ದರಿಂದ ಫ್ಯೂಸ್ ವಾಪಸ್ ಹಾಕಿ, ಈ ಸಲ ಸೆಟ್ಟಿನ ಹಿಂದಿನ ಕಪ್ಲರನ್ನೇ ಎಳೆಯಿರಿ. ಆಗಲೂ ಇಳಿದರೆ ಕಳ್ಳ ಸಿಕ್ಕ. ಆಂಪ್ ಇದ್ದರೆ ಅದರ ಫ್ಯೂಸನ್ನೂ ತೆಗೆದು ನೋಡಿ. ರಿಮೋಟ್ ವೈರನ್ನು ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರೆ ಆಂಪ್ ಹಗಲು ರಾತ್ರಿ ಆನ್ ಇರುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಮೀಟರೂ ಬೇಡ.

ಸರಿಪಡಿಸುವುದು ಸುಲಭ. ಕೆಂಪು ವೈರನ್ನು ಕೀಗೆ ಬದ್ಧವಾದ ಲೈನಿಗೆ ಕೊಡಬೇಕು. ಕಪ್ಲರಿನಲ್ಲಿ ಅಂಥ ಲೈನ್ ಇಲ್ಲದಿದ್ದರೆ ಸಿಗರೇಟ್ ಲೈಟರ್ ಸಾಕೆಟಿನ ಫ್ಯೂಸಿನಿಂದ ಫ್ಯೂಸ್ ಟ್ಯಾಪ್ (ಇದ್ದ ಫ್ಯೂಸಿನ ಜಾಗದಿಂದ ಇನ್ನೊಂದು ಲೈನ್ ತೆಗೆಯುವ ತುಂಡು) ಹಾಕಿ ತೆಗೆದುಕೊಳ್ಳಬಹುದು. ಆದರೆ ಕೀ ತೆಗೆದಾಗ ಆ ಸಾಕೆಟ್ ನಿಜಕ್ಕೂ ಸತ್ತುಹೋಗುತ್ತದಾ ಅಂತ ಮೊದಲು ನೋಡಿ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ), ಎಂಜಿನ್ ಕಂಪ್ಯೂಟರಿನ ಫ್ಯೂಸಿನಿಂದ ಯಾವತ್ತೂ ಕರೆಂಟ್ ಎರವಲು ಪಡೆಯಬೇಡಿ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ

10 ಆಂಪಿಯರಿನ ಕೆಂಪು ಫ್ಯೂಸ್ ಹೋಯ್ತು ಅಂತ 20ರ ಹಳದಿ ಹಾಕುವವರಿದ್ದಾರೆ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಈಗ ಆ 21 ವ್ಯಾಟ್ ಬಲ್ಬ್ ತೆಗೆಯಿರಿ. ಅದಕ್ಕೆ ಎರಡು ವೈರ್ ಹಾಕಿ, ಹೋದ ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ. ಲೈನಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ಬಲ್ಬಿನ ಮೂಲಕ ಹರಿಯುವುದು ಎರಡು ಆಂಪಿಯರ್ ಒಳಗೇ, ಆದ್ದರಿಂದ ಏನೂ ಸುಡುವುದಿಲ್ಲ, ಫ್ಯೂಸೂ ಖರ್ಚಾಗುವುದಿಲ್ಲ. ಬಲ್ಬ್ ಉರಿಯುತ್ತಿರುವಾಗ ಸೆಟ್ಟಿನ ಕಪ್ಲರ್ ತೆಗೆಯಿರಿ. ಆರಿದರೆ ಶಾರ್ಟ್ ಸೆಟ್ಟಿನ ಕಡೆ. ಆರದಿದ್ದರೆ ಕಾರಿನ ವೈರಿನಲ್ಲಿ. ಹಾರ್ನೆಸ್ ಅನ್ನು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಹೋಗಿ. ಬಲ್ಬ್ ಮಿಣುಕಿದ ಜಾಗದಲ್ಲೇ ಸಿಪ್ಪೆ ಕಿತ್ತ ವೈರ್ ಇರುತ್ತದೆ. ಹೆಚ್ಚಿನ ಸಲ ಅದು ಸೆಟ್ಟನ್ನು ಒಳಗೆ ತುರುಕುವಾಗ ಬ್ರಾಕೆಟಿನ ಅಂಚಿಗೆ ಸಿಕ್ಕಿಕೊಂಡ ವೈರು, ಇಲ್ಲವೇ ಉದ್ದ ಸ್ಕ್ರೂ ಚುಚ್ಚಿದ ವೈರು.

ಹೆಡ್‌ಲೈಟ್ ಹಾಕಿದ ತಕ್ಷಣ ಮಾತ್ರ ಫ್ಯೂಸ್ ಹೋಗುತ್ತಿದ್ದರೆ ಕಿತ್ತಳೆ ವೈರನ್ನೇ ಹಿಡಿಯಿರಿ. ಬಳಸದಿದ್ದರೂ ಅದರ ತುದಿ ಸಿಪ್ಪೆಯಿಲ್ಲದೆ ಬಾಡಿಗೆ ತಾಗುತ್ತಿರಬಹುದು. ಬಳಸದ ಪ್ರತಿ ವೈರಿನ ತುದಿಗೂ ಬೇರೆ ಬೇರೆಯಾಗಿ ಇನ್ಸುಲೇಷನ್ ಹಾಕಿ, ಎಲ್ಲವನ್ನೂ ಒಂದೇ ಗಂಟು ಮಾಡಬೇಡಿ.

ಅರ್ಥ್: ಎಲ್ಲರೂ ಕಡೆಗಣಿಸುವ ಕಪ್ಪು ವೈರು

ಸೆಟ್ ಆನ್ ಆಗುತ್ತದೆ, ವಾಲ್ಯೂಮ್ ಏರಿಸಿದರೆ ಆಫ್. ಅಥವಾ ಹಾಡಿನ ಬೇಸ್ (ಧಂ ಧಂ ಅನ್ನುವ ದಪ್ಪ ಸದ್ದು) ಬಿದ್ದಾಗಲೆಲ್ಲ ಪರದೆ ಮಿನುಗುತ್ತದೆ. ಬ್ರೇಕ್ ಒತ್ತಿದರೆ ರೇಡಿಯೊ ಗೊರಗೊರ. ಇಂಥ ವಿಚಿತ್ರಗಳಿಗೆ ಮೊದಲ ಅನುಮಾನ ಅರ್ಥ್ ಮೇಲೆಯೇ ಇರಲಿ.

ಓಮ್ ರೇಂಜಿನಲ್ಲಿ ಇಟ್ಟು "ಬೀಪ್ ಬರ್ತಿದೆ, ಅರ್ಥ್ ಸರಿ ಇದೆ" ಅನ್ನುವುದು ಸಾಲದು. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಕರೆಂಟ್ ಹರಿಯುವಾಗ ಅಳೆಯಬೇಕು. ಸೆಟ್ ಆನ್ ಮಾಡಿ, ಜೋರಾಗಿ ಹಾಡು ಹಾಕಿ. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಕಡ್ಡಿ ಸೆಟ್ಟಿನ ಕಪ್ಪು ವೈರಿಗೆ, ಇನ್ನೊಂದು ಉದ್ದ ವೈರಿನ ಮೂಲಕ ಬ್ಯಾಟರಿಯ ಮೈನಸ್ ಕಂಬಕ್ಕೆ. 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು. 0.2 ದಾಟಿದರೆ ದಾರಿಯಲ್ಲೆಲ್ಲೋ ತಡೆ ಇದೆ. ಇದೇ ರೀತಿ ಬ್ಯಾಟರಿಯ ಪ್ಲಸ್ಸಿನಿಂದ ಹಳದಿಯವರೆಗೂ ಅಳೆಯಬಹುದು. ಅಲ್ಲಿ ಅರ್ಧ ವೋಲ್ಟ್ ಕಳೆದುಹೋಗುತ್ತಿದ್ದರೆ ಆ ತಿರುಚಿದ ಜಾಯಿಂಟನ್ನು ಬಿಚ್ಚಿ ನೋಡಿ.

ಡ್ಯಾಶ್ ಒಳಗಿನ ಲೋಹದ ಪಟ್ಟಿಗಳೆಲ್ಲ ಬಾಡಿಗೆ ಚೆನ್ನಾಗಿ ಸೇರಿರುತ್ತವೆ ಅಂತ ನಂಬಬೇಡಿ. ಪೇಂಟ್ ಕೆರೆದು, ಬಿಳಿ ಲೋಹ ಕಾಣಿಸಿ, ರಿಂಗ್ ಟರ್ಮಿನಲ್ ಹಾಕಿ, ಬೋಲ್ಟ್ ಬಿಗಿಮಾಡಿ. ಮಂಗಳೂರು, ಉಡುಪಿ ಕಡೆಯವರು ಮೇಲೆ ಸ್ವಲ್ಪ ಗ್ರೀಸ್ ಸವರಿ. ಉಪ್ಪು ಗಾಳಿಗೆ ಕೆರೆದ ಜಾಗ ಬೇಗ ತುಕ್ಕು ಹಿಡಿಯುತ್ತದೆ.

ಆಕ್ಸಿಲರೇಟರ್ ಒತ್ತಿದರೆ ಕುಂಯ್ ಅನ್ನುವ ಸದ್ದು

ಎಂಜಿನ್ ವೇಗಕ್ಕೆ ತಕ್ಕಂತೆ ಏರುವ ಇಳಿಯುವ ಸಣ್ಣ ರಾಗ ಸ್ಪೀಕರಿನಲ್ಲಿ ಕೇಳಿದರೆ ಅದು ಆಲ್ಟರ್ನೇಟರಿನ ಸದ್ದು. ಎಂಜಿನ್ ಆಫ್ ಇದ್ದಾಗಲೂ ಒಂದೇ ಸಮ ಇದ್ದರೆ ಅದು ಬೇರೆ ಜಾತಿ. ತಕ್ಷಣ ಓಡಿಹೋಗಿ ನಾಯ್ಸ್ ಫಿಲ್ಟರ್ ತರಬೇಡಿ. ಫಿಲ್ಟರ್ ಸದ್ದನ್ನು ಮುಚ್ಚಿಡುತ್ತದೆ, ಕಾರಣ ಅಲ್ಲೇ ಇರುತ್ತದೆ.

ಮೊದಲು ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಆಕ್ಸ್ ಕೇಬಲಿನಲ್ಲಿ (ಫೋನಿನ ಹೆಡ್ ಫೋನ್ ತೂತಿನಿಂದ ಸೆಟ್ಟಿಗೆ ಹೋಗುವ ವೈರು) ಹಾಡು ಹಾಕಿಕೊಂಡು, ಅದೇ ಫೋನನ್ನು ಲೈಟರ್ ಸಾಕೆಟಿನಲ್ಲಿ ಚಾರ್ಜಿಗೂ ಹಾಕಿದರೆ ಅರ್ಥಿಂಗಿನಲ್ಲಿ ಒಂದು ಸುತ್ತು ಆಗಿ ಈ ಸದ್ದು ಬರುತ್ತದೆ. ಅರ್ಧ ಕೇಸು ಇಲ್ಲೇ ಮುಗಿಯುತ್ತದೆ. ಅಗ್ಗದ ಚಾರ್ಜರುಗಳು ಎಫ್‌ಎಂನಲ್ಲೂ ಗರಗರ ತರುತ್ತವೆ.

ಆಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದೂ ಇಳಿದರೆ ಅದು ಸೆಟ್ಟಿಗೆ ಬರುವ ದಾರಿಯಲ್ಲಿ, ಅಂದರೆ ಆಕ್ಸ್, ಆಂಟೆನಾ, ಯುಎಸ್‌ಬಿ ಕಡೆ. ಒಂದೊಂದನ್ನೇ ಕಿತ್ತು ನೋಡಿ. ವಾಲ್ಯೂಮ್ ಸೊನ್ನೆ ಮಾಡಿದರೂ ಸದ್ದು ಹಾಗೇ ಇದ್ದರೆ ಅದು ಸೆಟ್ಟಿನ ನಂತರ ಸೇರುತ್ತಿದೆ. ಆಗ ಎಲ್ಲವನ್ನೂ ಆಫ್ ಮಾಡಿ, ಆಂಪಿನ ಆರ್‌ಸಿಎ ಪಿನ್ನುಗಳನ್ನು (ಸೆಟ್ಟಿನಿಂದ ಆಂಪಿಗೆ ಹಾಡು ತರುವ ಕೇಬಲಿನವು) ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ಆರ್‌ಸಿಎ ಕೇಬಲ್ ಅಥವಾ ಸೆಟ್ಟಿನ ಅರ್ಥ್. ನಿಲ್ಲದಿದ್ದರೆ ಆಂಪಿನದ್ದೇ ಪವರ್ ಅಥವಾ ಅರ್ಥ್.

ಆನ್ ಇರುವಾಗ ಆರ್‌ಸಿಎ ಕೀಳಬೇಡಿ ಅಂದೆ, ಅದಕ್ಕೆ ಕಾರಣ ಇದೆ. ಕೆಲವು ಸೆಟ್ಟುಗಳಲ್ಲಿ ಆರ್‌ಸಿಎಯ ಹೊರ ಉಂಗುರಕ್ಕೂ ಸೆಟ್ಟಿನ ಅರ್ಥಿಗೂ ನಡುವೆ ಕೂದಲಿನಂಥ ಒಂದು ಫ್ಯೂಸ್ ಇರುತ್ತದೆ. ಕರೆಂಟ್ ಇರುವಾಗ ಎಳೆದಾಡಿದರೆ ಅದು ಹೋಗುತ್ತದೆ. ನಿನ್ನೆವರೆಗೆ ಇಲ್ಲದ ಸದ್ದು ಇವತ್ತು ಇದ್ದಕ್ಕಿದ್ದಂತೆ ಶುರುವಾದರೆ ಆರ್‌ಸಿಎ ಉಂಗುರದಿಂದ ಸೆಟ್ಟಿನ ಲೋಹದ ಮೈಗೆ ಕಂಟಿನ್ಯೂಟಿ ಇದೆಯಾ, ಅಂದರೆ ಮೀಟರ್ ಬೀಪ್ ಅನ್ನುತ್ತದಾ ನೋಡಿ.

ಆಂಪಿನ ದಪ್ಪ ಪವರ್ ಕೇಬಲ್ ಒಂದು ಬದಿಯಲ್ಲಿ ಹೋದರೆ ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ. ಎರಡನ್ನೂ ಒಂದೇ ಕಾರ್ಪೆಟ್ ಕೆಳಗೆ ಜೊತೆಯಾಗಿ ಎಳೆದಿದ್ದರೆ ಸದ್ದು ಬರುವುದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟಾದರೂ ನಿಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ನೋಡಿ. ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅನುಮಾನ. ತೀರಾ ಅಗ್ಗದ ಮೀಟರುಗಳು ಇಲ್ಲಿ 25, 28 ಅಂತೆಲ್ಲ ತೋರಿಸುತ್ತವೆ. ಅವು ಡಿಸಿಯನ್ನೇ ತಪ್ಪಾಗಿ ಎಸಿ ಅಂತ ಓದುತ್ತಿರುತ್ತವೆ, ನಂಬಬೇಡಿ.

ಸ್ಪೀಕರ್ ಕಡೆಯ ತೊಂದರೆಗಳು

ಪರದೆಯಲ್ಲಿ ಪ್ರೊಟೆಕ್ಟ್ ಅಂತ ಬಂದು ಸದ್ದು ನಿಂತರೆ ಯಾವುದೋ ಸ್ಪೀಕರ್ ವೈರ್ ಬಾಡಿಗೆ ತಾಗಿದೆ. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ಅಂದರೆ ಅರ್ಥ್ ಅಲ್ಲ. ಎರಡೂ ವೈರುಗಳಲ್ಲಿ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್ ಇರುತ್ತದೆ. ಹಳೇ ಕಾಲದಂತೆ ಎಲ್ಲ ಮೈನಸ್ಸುಗಳನ್ನು ಒಂದು ಮಾಡಿ ಬಾಡಿಗೆ ಕೊಟ್ಟರೆ ಸೆಟ್ಟಿನೊಳಗಿನ ಆಂಪ್ ಐಸಿ (ಚಿಪ್) ಸುಡಬಹುದು.

ಕಪ್ಲರ್ ತೆಗೆದು, ಕಾರಿನ ಕಡೆ ಪ್ರತಿ ಜೋಡಿಯನ್ನೂ ಓಮಿನಲ್ಲಿ ಅಳೆಯಿರಿ. 4 ಓಮ್ ಸ್ಪೀಕರ್ 3.2ರಿಂದ 3.8ರ ಆಸುಪಾಸು ತೋರಿಸುತ್ತದೆ. ಸೊನ್ನೆ ಬಂದರೆ ಶಾರ್ಟ್, ಏನೂ ಬರದಿದ್ದರೆ ತುಂಡಾಗಿದೆ. ಆಮೇಲೆ ಪ್ರತಿ ವೈರಿನಿಂದ ಬಾಡಿಗೆ ಅಳೆಯಿರಿ, ಇಲ್ಲಿ ಏನೂ ಬರಬಾರದು. ಬಂದರೆ ಬಾಗಿಲಿನ ರಬ್ಬರ್ ಕೊಳವೆ ಒಳಗೆ ನೋಡಿ. ತೆರೆದು ಮುಚ್ಚಿ ವೈರ್ ಸವೆಯುವುದು ಅಲ್ಲೇ.

ಎಲ್ಲ ಸ್ಪೀಕರ್ ಕೂಗುತ್ತಿವೆ, ಆದರೆ ಬೇಸ್ ಇಲ್ಲ, ಹಾಡುಗಾರನ ದನಿ ಎಲ್ಲೋ ದೂರದಿಂದ ಬಂದಂತಿದೆ ಅಂದರೆ ಒಂದು ಸ್ಪೀಕರ್ ಉಲ್ಟಾ ಆಗಿದೆ. ಸೆಟ್ಟಿನಿಂದ ವೈರ್ ಬಿಡಿಸಿ, ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಪ್ಲಸ್ಸಿಗೆ ಪ್ಲಸ್ ಇದ್ದರೆ ಕಾಗದದ ಕೋನ್ ಹೊರಗೆ ಪುಟಿಯುತ್ತದೆ. ಒಳಗೆ ಹೋದರೆ ವೈರ್ ಅದಲು ಬದಲು.

ಎಫ್‌ಎಂ ಮಾತ್ರ ಹಿಡಿಯದಿದ್ದರೆ ನೀಲಿ ವೈರ್ ಖಾಲಿ ಬಿಟ್ಟಿರುತ್ತಾರೆ. ಮೇಲ್ಛಾವಣಿಯ ಗಿಡ್ಡ ಆಂಟೆನಾಗಳಲ್ಲಿ ಬೂಸ್ಟರ್ ಇರುತ್ತದೆ, ಅದಕ್ಕೆ ಕರೆಂಟ್ ಬೇಕು. ರಿವರ್ಸ್ ಕ್ಯಾಮೆರಾ ಕಪ್ಪಾಗಿದ್ದರೆ ಹಿಂದಿನ ಬಿಳಿ ಲೈಟಿನಿಂದ ಬರಬೇಕಾದ ಟ್ರಿಗರ್ ವೈರಿನಲ್ಲಿ ರಿವರ್ಸ್ ಗೇರ್ ಹಾಕಿದಾಗ 12 ವೋಲ್ಟ್ ಇದೆಯಾ ನೋಡಿ.

ಆಂಪ್ ಹಾಕಿದ್ದರೆ ಇನ್ನೊಂದು ಮಾತು

ಬ್ಯಾಟರಿಯಿಂದ ಹೊರಟ ಪವರ್ ಕೇಬಲಿಗೆ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಆಂಪಿನ ಮೇಲಿನ ಫ್ಯೂಸ್ ಆಂಪನ್ನು ಕಾಯುತ್ತದೆ, ಕೇಬಲನ್ನಲ್ಲ. ಕೇಬಲ್ ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಬುಷ್ ಇದೆಯಾ ಅಂತ ಬೆರಳಿಟ್ಟು ನೋಡಿ. ಹಾಡಿನ ಬೇಸ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿದ್ದರೆ ಕೆಪಾಸಿಟರ್ (ಆಂಪಿಗಾಗಿ ಕ್ಷಣಕಾಲ ಕರೆಂಟ್ ಕೂಡಿಡುವ ಡಬ್ಬಿ) ಕೊಳ್ಳುವ ಮೊದಲು ಕೇಬಲ್ ಯಾವುದು ಅಂತ ಕೆರೆದು ನೋಡಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು. ಅಷ್ಟೇ ದಪ್ಪದ ತಾಮ್ರದಷ್ಟು ಕರೆಂಟನ್ನು ಅದು ಸಾಗಿಸುವುದಿಲ್ಲ.

ಹೊಸ ಕಾರುಗಳು, ಮುಚ್ಚುವ ಮೊದಲು

ಈಚಿನ ಕೆಲವು ಕಾರುಗಳಲ್ಲಿ ಕೀ ಆನ್ ಅನ್ನೋ ಸುದ್ದಿ ವೈರಿನಲ್ಲಿ 12 ವೋಲ್ಟ್ ಆಗಿ ಬರುವುದೇ ಇಲ್ಲ. ಅದು ಕ್ಯಾನ್ ಬಸ್ (ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡಿಕೊಳ್ಳುವ ವೈರು ಜೋಡಿ) ಮೂಲಕ ಸಂದೇಶವಾಗಿ ಬರುತ್ತದೆ. ಅಲ್ಲಿ ಸೆಟ್ಟಿನ ಜೊತೆ ಕೊಡುವ ಸಣ್ಣ ಕ್ಯಾನ್ ಡಬ್ಬಿ ನಿಮ್ಮ ಕಾರಿನದ್ದೇ ಆಗಿರಬೇಕು, ಸೆಟ್ಟಿಂಗಿನಲ್ಲಿ ಕಾರಿನ ಮಾದರಿಯನ್ನೂ ಸರಿಯಾಗಿ ಆರಿಸಿರಬೇಕು. ಬೇರೆ ಕಾರಿನದ್ದು ಹಾಕಿದರೆ ಡ್ಯಾಶಿನಲ್ಲಿ ಎಚ್ಚರಿಕೆ ದೀಪಗಳು ಹೊತ್ತಬಹುದು, ಕಾರು ರಾತ್ರಿಯಿಡೀ ಮಲಗದೇ ಇರಬಹುದು. ಸೆಟ್ ಹಾಕಿದ ಮೇಲೆ ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಆರದಿದ್ದರೆ, ಕ್ಯಾನ್ ವೈರುಗಳನ್ನು ಯಾರೋ ಕತ್ತರಿಸಿದ್ದು ಕಂಡರೆ, ಸುಟ್ಟ ವಾಸನೆ ಬಂದರೆ ಮುಂದೆ ಹೋಗಬೇಡಿ. ಮೈನಸ್ ಕ್ಲಾಂಪ್ ತೆಗೆದು ತಿಳಿದ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಅವರಿಗೆ ನೀವು ಅಳೆದ ಅಂಕಿಗಳನ್ನು ಹೇಳಿದರೆ ಅರ್ಧ ದಿನ ಉಳಿಯುತ್ತದೆ.

ಎಲ್ಲ ಸರಿಯಾದ ಮೇಲೆ ತಿರುಚಿದ ಜಾಯಿಂಟುಗಳನ್ನು ಹಾಗೇ ಬಿಡಬೇಡಿ. ಕ್ರಿಂಪ್ ಮಾಡಿ ಅಥವಾ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿ. ಮಾಮೂಲಿ ಕಪ್ಪು ಟೇಪ್ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಅಂಟು ಬಿಟ್ಟು ಜಾರುತ್ತದೆ. ಫೋನಿನಲ್ಲಿ ಹಿಂಭಾಗದ ಫೋಟೊ ತೆಗೆದಿಡಿ. ಆ ರಾತ್ರಿ ಡ್ಯಾಶನ್ನು ಪೂರ್ತಿ ಮುಚ್ಚದೆ ಬಿಟ್ಟು, ಬೆಳಿಗ್ಗೆ ಬ್ಯಾಟರಿ ಮತ್ತೊಮ್ಮೆ ಅಳೆಯಿರಿ. ನನ್ನದು ಕೆಂಪು ವೈರ್ ಸರಿಮಾಡಿದ ಮೇಲೆ 0.02 ಆಂಪಿಯರಿಗೆ ಇಳಿದಿತ್ತು. ಖುಷಿಯಲ್ಲಿ ಎಲ್ಲ ಸ್ಕ್ರೂ ಬಿಗಿದು ಮುಚ್ಚಿದೆ. ರಸ್ತೆಗಿಳಿದ ಮೇಲೆ ನೋಡಿದರೆ ಹಜಾರ್ಡ್ ಲೈಟಿನ ಸ್ವಿಚ್ ಒತ್ತಿದರೂ ಏನೂ ಇಲ್ಲ. ಅದರ ಕಪ್ಲರ್ ಹಾಕೋದೇ ಮರೆತಿದ್ದೆ.